ಖಾಲಾ, ನಾನು ಮತ್ತು ಕಣ್ಣಿನ ಹನಿ

ಮೊನ್ನೆ ಶಹಾಪುರದ ಬಸ್‌ಸ್ಟ್ಯಾಂಡಿನ ಹತ್ತಿರ ಯಾರೋ ಹೊಲಿಗೆ ಮಷೀನಿಗೆ ಎಣ್ಣೆ ಬಿಡುತ್ತಿದ್ದರು. ಆ ವಾಸನೆಗೆ ನನ್ನ ಕಾಲು ನಿಂತೇಬಿಟ್ಟಿತು. ರಂಗಂಪೇಟೆಯಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ದರ್ಜಿ ಖಾಲಾ, ಓಣಿಗೆಲ್ಲ ಚಿಕ್ಕಮ್ಮ...

ಅವರ ಬಲಗಣ್ಣು ಗ್ಲಾಕೋಮಾದಿಂದ ಎಂದೋ ಹೋಗಿತ್ತು. ಉಳಿದ ಎಡಗಣ್ಣಿಗೂ ಅದೇ ರೋಗ, ಮೇಲೆ ಪೊರೆ ಬೇರೆ. ಸೂಜಿಗೆ ದಾರ ಪೋಣಿಸಲಾಗದೆ ಅವರು ಮಷೀನಿಗೆ ಬಟ್ಟೆ ಮುಚ್ಚಿದಾಗ ನಾನೇ ಶಹಾಪುರದ ಕಣ್ಣಿನ ಡಾಕ್ಟರಲ್ಲಿಗೆ ಕರೆದೊಯ್ದೆ. ಇಂಗ್ಲಿಷ್ ಬಲ್ಲವಳೆಂಬ ನನ್ನ ಪ್ರೈಡ್ ಕೂಡ ಬಸ್ಸು ಹತ್ತಿತ್ತು.

ಡಾಕ್ಟರ್ ಬಿಡಿಸಿ ಹೇಳಿದರು. ಪೊರೆಯೊಂದನ್ನೇ ತೆಗೆದರೆ ಆಪರೇಶನ್ ಸರಳ. ಆದರೆ ಕಣ್ಣಿನ ಪ್ರೆಶರ್ ಹಿಡಿತದಲ್ಲಿಡಲು ದಿನವೂ ಹನಿ ತಪ್ಪಿಸುವಂತಿಲ್ಲ. ಇಲ್ಲವೇ ಅದರ ಜೊತೆಗೇ ಕಣ್ಣೊಳಗಿನ ನೀರಿಗೆ ಹೊರದಾರಿಯನ್ನೂ ಮಾಡಬಹುದು; ಆಗ ಹನಿಯೊಂದನ್ನೇ ನೆಚ್ಚಬೇಕಿಲ್ಲ, ಆದರೆ ರಿಸ್ಕ್ ಹೆಚ್ಚು, ಚೆಕಪ್ಪೂ ಹೆಚ್ಚು. ಗ್ಲಾಕೋಮಾ ತಿಂದ ನೋಟ ಮಾತ್ರ ಯಾವುದರಿಂದಲೂ ಮರಳದು.

“ಹನಿ ದಿನಾ ಹಾಕ್ತೀರೇನ್ರಿ?”

ಸರಳವಾದದ್ದೇ ಆಗಲಿ ಎಂಬ ಆತುರದಲ್ಲಿ ನಾನೇ ಬಾಯಿ ಹಾಕಿದೆ. “ಯೆಸ್ ಡಾಕ್ಟರ್, ವೆರಿ ರೆಗ್ಯುಲರ್.”

ಖಾಲಾ ನನ್ನ ಮೊಣಕೈ ತಿವಿದರು. “ರೆಗ್ಯುಲರ್ ಇಲ್ರಿ ಸಾಬ್! ಈ ಕಾನ್ವೆಂಟ್ ಬಾಯಿ ಇಂಗ್ಲಿಷಿನ್ಯಾಗ ಸುಳ್ಳು ಹೇಳಾಕತ್ತಾಳ. ರಮಜಾನಿನ್ಯಾಗ ಹಗಲಿಗೆ ಹಾಕಂಗಿಲ್ಲ ನಾ. ಹನಿ ಗಂಟಲಿಗಿಳಿದು ಕಹಿ ಹತ್ತತದ, ರೋಜಾ ಮುರದ್ರ? ಆಮ್ಯಾಲ ಮತ್ತ ಸುರು ಮಾಡಾಕ ಮರ್ತೇ ಹೋಗ್ತದ.”

ಡಾಕ್ಟರ್ ನಗಲಿಲ್ಲ. “ಹೇಳಿದ್ದು ಛಲೋ ಆತ್ರಿ. ಇಲ್ಲಾಂದ್ರ ಪೊರಿ ಅಷ್ಟೇ ತೆಗೀತಿದ್ದೆ. ಹನಿ ಬಿಟ್ರ ಈ ಕಣ್ಣೂ ಹೋಗ್ತಿತ್ತು.”

ನನ್ನ ಮುಖ ಸುಟ್ಟಂತಾಯಿತು. ಇದ್ದೊಂದು ಕಣ್ಣನ್ನು ಪಣಕ್ಕಿಟ್ಟು ಕೂತಾಗಲೂ ತನ್ನ ತಪ್ಪನ್ನು ಹಾಗೆ ಎತ್ತಿ ಮೇಜಿನ ಮೇಲಿಡುವ ಧೈರ್ಯ ನನ್ನ ಯಾವ ಪಾಠದಲ್ಲೂ ಇರಲಿಲ್ಲ.

ಎರಡನ್ನೂ ಒಟ್ಟಿಗೇ ಮಾಡಿದರು. ಪೊರೆ ಹೋಯಿತು, ಪ್ರೆಶರ್ ಇಳಿಯಿತು, ಮಷೀನು ಮತ್ತೆ ಸದ್ದು ಮಾಡಿತು. ಗ್ಲಾಕೋಮಾ ತಿಂದಿದ್ದ ಬದಿಯ ನೋಟ ಮಾತ್ರ ಮರಳಲಿಲ್ಲ. ಹೊಸ್ತಿಲಲ್ಲಿ ಕೂತು ಗುಂಡಿಯ ಕಾಜಾ ಹೊಲಿಯುವಾಗ ಯಾರಾದರೂ ಪಕ್ಕದಿಂದ ಬಂದರೆ ಕೋಳಿಯಂತೆ ಇಡೀ ಕತ್ತು ಹೊರಳಿಸಿ ನೋಡುವರು. ಬಂದವಳು ನಾನಾದರೆ, “ನಿನ್ನ ಇಂಗ್ಲಿಷ್ ನಂಬಿದ್ರ ಕುರುಡಿ ಆಗ್ತಿದ್ನೆವ್ವಾ” ಎಂದು ನಗುವರು. ನಾನು ಕ್ಷಮೆ ಕೇಳಲೇ ಇಲ್ಲ. ಅವರು ಕೇಳಿಸಿಕೊಳ್ಳಲೂ ಕಾಯಲಿಲ್ಲ...

ಅವರು ತೀರಿಕೊಂಡು ಎರಡು ಚಳಿಗಾಲ ಕಳೆದವು. ಈಗಲೂ ಆ ಮನೆ ಬಂದಾಗ ನಾನು ಗೋಡೆಯ ಬದಿ ಬಿಟ್ಟು, ಹೊಸ್ತಿಲಿಗೆ ನೇರ ಎದುರಾಗಿ ಒಂದು ಸುತ್ತು ಬಳಸಿಯೇ ದಾಟುತ್ತೇನೆ, ಖಾಲಾ ಕತ್ತು ಹೊರಳಿಸುವ ಕಷ್ಟ ಬೇಡವೆಂದು. ಹೊಸ್ತಿಲು ಖಾಲಿಯಿರುತ್ತದೆ.