ತಾನಾಗಿ ಹರಿಯದ ಸೆರಗು

ಗಂಗವ್ವನ ಮದುವೆಯ ದಿನ ಅವಳ ಸೀರೆಯ ಸೆರಗು ತಾನಾಗಿ ಕಿತ್ತು ಬರಲಿಲ್ಲ. ಅದನ್ನು ಕತ್ತರಿಸಿದವಳು ನಾನು. ಆ ದಿನ ಹಂದರದಲ್ಲಿದ್ದು ಕಣ್ಣಾರೆ ಕಂಡವರು, ಕಾಣದಿದ್ದರೂ ಇಪ್ಪತ್ತೆರಡು ವರ್ಷಗಳಿಂದ ಆ ಮಾತು ಆಡಿಕೊಂಡು ಬಂದವರು — ನೀವೆಲ್ಲ ಇದನ್ನು ಓದಬೇಕು, ಅದಕ್ಕೇ ಬರೆಯುತ್ತಿದ್ದೇನೆ.

ಗಂಗವ್ವ ನನ್ನ ಭಾವನ ಮಗಳು. ನನ್ನ ಹೊಟ್ಟೆಯಲ್ಲಿ ಮಕ್ಕಳಾಗಲಿಲ್ಲ. ಇಳಕಲ್ಲಿನ ನಮ್ಮ ಮನೆಯಲ್ಲಿ ಎರಡು ಮಗ್ಗ, ಎರಡು ಸಂಸಾರ, ಒಂದೇ ಒಲೆ. ಅವಳಿಗೆ ತಲೆ ಬಾಚಿದವಳು ನಾನು, ಸಾಲಿಗೆ ಕಳಿಸಿದವಳು ನಾನು. ಅವಳಿಗೆ ಆರು ವರ್ಷವಿದ್ದಾಗ ತಮ್ಮ ಹುಟ್ಟಿದ. ಆ ಕೂಸಿಗೆಂದು ಗುಳೇದಗುಡ್ಡದ ಖಣ ತರಿಸಿ, ಒಂದು ವಾರ ಕೂತು, ನಾನೇ ಕೈಯಿಂದ ಕುಂಚಿಗೆ ಹೊಲಿದಿದ್ದೆ. ಹೆಸರಿಡುವ ದಿನ ಅದನ್ನು ಕೂಸಿನ ತಲೆಗೆ ಕಟ್ಟಲು ತೊಟ್ಟಿಲ ಹತ್ತಿರ ಹೋದೆ. ಮನೆ ತುಂಬ ಹೆಂಗಸರು. ಅಕ್ಕ — ಗಂಗವ್ವನ ತಾಯಿ, ನನ್ನ ನೆಗೆಣ್ಣಿ — ನನ್ನ ಕೈ ಹಿಡಿದಳು.

"ನೀ ಮುಟ್ಟಬ್ಯಾಡ ತಂಗಿ. ಬಂಜಿ ಕೈ ಕೂಸಿಗೆ ಛಲೋ ಅಲ್ಲ."

ಮೆಲ್ಲಗೇ ಅಂದಳು. ಆದರೂ ಎಲ್ಲರಿಗೂ ಕೇಳಿತು. ಒಬ್ಬರಾದರೂ "ಹಂಗ್ಯಾಕ ಅಂತಿ?" ಎನ್ನಬೇಕಿತ್ತು. ಯಾರೂ ಅನ್ನಲಿಲ್ಲ. ನಾನು ನಕ್ಕೆ. ಹೌದು, ನಕ್ಕೆ! ಕುಂಚಿಗೆಯನ್ನು ಬೇರೆಯವರ ಕೈಗೆ ಕೊಟ್ಟು, ಒಳಗೆ ಹೋಗಿ ಗುಗ್ಗರಿ ಹಂಚಿದೆ.

ಅಂದು ಜೋಳ ಬೀಸಿದ ಹಾಗೆ ಆ ಮಾತನ್ನು ಎದೆಯಲ್ಲಿ ತಿರುವಲು ಶುರು ಮಾಡಿದವಳು ಹದಿಮೂರು ವರ್ಷ ನಿಲ್ಲಿಸಲಿಲ್ಲ. ಒಂದೇ ಒಲೆಯ ಮೇಲೆ ರೊಟ್ಟಿ ಬಡಿದೆ, ಅಕ್ಕನಿಗೆ ಜ್ವರ ಬಂದಾಗ ಕಾಲು ಒತ್ತಿದೆ, ದಸರೆಗೆ ಬನ್ನಿ ಕೊಟ್ಟು "ಬಂಗಾರದಂಗ ಇರೋಣ" ಎಂದೆ. "ಅಕ್ಕ, ಆ ಮಾತು ನನಗೆ ಭಾಳ ನಟ್ಟೈತಿ" ಎಂದು ಒಂದು ಸಲ, ಒಂದೇ ಒಂದು ಸಲ ಹೇಳಿದ್ದರೆ — ಹೇಳಲಿಲ್ಲ. ಹೇಳಿದರೆ ಅವಳು ಅತ್ತುಬಿಡುತ್ತಾಳೆ, ನಾನು ಕ್ಷಮಿಸಬೇಕಾಗುತ್ತದೆ. ನನಗೆ ಕ್ಷಮಿಸುವ ಮನಸ್ಸಿರಲಿಲ್ಲ. ಸಿಟ್ಟು ನನ್ನದು, ನಾನೇ ಸಾಕಿದ್ದು, ಬಿಟ್ಟುಕೊಡಲು ಸಿದ್ಧಳಿರಲಿಲ್ಲ.

ಗಂಗವ್ವನ ಮದುವೆ ಕೆರೂರಿನ ವರನೊಡನೆ ಗೊತ್ತಾಯಿತು. ಕಿರಾಣಿ ಅಂಗಡಿಯ ಮನೆ. ಒಂದು ಮಧ್ಯಾಹ್ನ ಅಕ್ಕ ನನ್ನ ಮಗ್ಗದ ಹತ್ತಿರ ಬಂದು ಕುಳಿತಳು. ಮಗ್ಗದ ಎಳೆಗಳ ಮೇಲೆ ಕೈಯಾಡಿಸಿದಳು. ಆಮೇಲೆ, "ಮದುವ್ಯಾಗ ಉಡೂ ಅಕ್ಕಿಕಾಳಿನ ಸೀರಿ ನೀನಽ ನೇಯವಾ. ನಿನ್ನ ಕೈಲೇ ಆಗಲಿ" ಎಂದಳು. ಕಣ್ಣು ತುಂಬಿದ್ದವು. ಅವಳು ಏನು ಕೇಳುತ್ತಿದ್ದಾಳೆ ಎಂಬುದು ನನಗೆ ಗೊತ್ತಾಯಿತು. ಗೊತ್ತಾಗಲಿಲ್ಲ ಎಂದರೆ ಈ ಹಾಳೆಯ ಮೇಲೂ ಸುಳ್ಳು ಬರೆದಂತೆ. "ಆತಕ್ಕ" ಎಂದೆ. ಓಣಿಯವರೆಲ್ಲ, ಎಷ್ಟು ದೊಡ್ಡ ಮನಸ್ಸು ಇವಳದು, ಎಲ್ಲ ಮರೆತಳು ನೋಡು ಎಂದರು.

ಇಳಕಲ್ ಸೀರೆಯಲ್ಲಿ ಒಡಲಿನ ಹಾಸು — ಉದ್ದನೆಯ ಎಳೆಗಳು — ಬೇರೆ, ಸೆರಗಿನ ಹಾಸು ಬೇರೆ. ಎರಡರ ಎಳೆಗಳನ್ನೂ ಒಂದಕ್ಕೊಂದು ಕೊಂಡಿ ಹಾಕಿ ಕೂಡಿಸಬೇಕು. ಆ ಕೊಂಡಿಗಳೇ ಸೆರಗನ್ನು ಹಿಡಿದಿರುತ್ತವೆ. ನನ್ನ ಕೊಂಡಿಗೆ ಊರಲ್ಲಿ ಹೆಸರಿತ್ತು. ಸೀರೆಯನ್ನು ಚೆಂದವೇ ನೇಯ್ದೆ. ಮಗ್ಗದಿಂದ ಇಳಿಸಿದ ಮೇಲೆ, ಮನೆಯಲ್ಲಿ ಯಾರೂ ಇಲ್ಲದ ಹೊತ್ತು, ಬ್ಲೇಡು ತಗೊಂಡು ಆ ಕೂಡಿಕೆಯ ಉದ್ದಕ್ಕೂ ಅರ್ಧದಷ್ಟು ಕೊಂಡಿಗಳನ್ನು ಕತ್ತರಿಸಿ, ಕಾಣದಂತೆ ಮೇಲೆ ಗಂಜಿ ಸವರಿ ಒಣಗಿಸಿದೆ. ಅಕ್ಕನಿಗೆ ತುಂಬಿದ ಮನೆಯಲ್ಲಿ ಒಮ್ಮೆ ಮುಖಭಂಗವಾಗಬೇಕು, ನನಗಾದ ಹಾಗೆ — ಇಷ್ಟೇ ಇತ್ತು ತಲೆಯಲ್ಲಿ. ಸೀರೆ ಉಡುವವಳು ಯಾರು ಎಂಬುದು... ಗೊತ್ತಿತ್ತು. ಗೊತ್ತಿದ್ದೇ ಕತ್ತರಿಸಿದೆ.

ಮದುಮಕ್ಕಳ ತಲೆಯ ಮೇಲೆ ಅಕ್ಕಿಕಾಳು ಬಿದ್ದವು. ಸೆರಗನ್ನು ವರನ ಶಲ್ಯಕ್ಕೆ ಗಂಟು ಹಾಕಿದ್ದರು. ಇಬ್ಬರೂ ಮಣೆಯಿಂದ ಏಳುವಾಗ ಜಗ್ಗಿತು ನೋಡಿ, ಚರ್ರೆಂದು ಸೆರಗು ಅರ್ಧಕ್ಕೆ ಕಿತ್ತು ಅವನ ಹೆಗಲಿಂದ ಜೋತು ಬಿದ್ದಿತು. ನಾನೇ ಓಡಿ ಹೋಗಿ ಗಂಗವ್ವನಿಗೆ ಬೇರೆ ಸೀರೆ ಉಡಿಸಿ, ಯಾರ ಕೈಗೂ ಸಿಗದ ಹಾಗೆ ಹರಿದದ್ದನ್ನು ಮಡಚಿ ಇಟ್ಟುಕೊಂಡೆ. ನೇಕಾರರ ಊರು. ಹರಿದ ಎಳೆ ಯಾವುದು, ಕತ್ತರಿಸಿದ ಎಳೆ ಯಾವುದು ಎಂಬುದು ಮಕ್ಕಳಿಗೂ ಗೊತ್ತಾಗುತ್ತದೆ.

ಗಂಗವ್ವನ ಅತ್ತೆ ನನ್ನ ಕಡೆ ತಿರುಗಿ, "ಏನವಾ, ಕೂಡಿಸಾಕ ಬರೂದಿಲ್ಲೇನು ನಿನಗ?" ಎಂದಳು.

ಆಗಲಾದರೂ "ಹೌದ್ರಿ, ತಪ್ಪಾತು" ಎನ್ನಬಹುದಿತ್ತು. ಅಷ್ಟು ಸಾಕಿತ್ತು. ಆದರೆ ನನ್ನ ಹೆಸರು, ನನ್ನ ಕೈಗುಣ, ನನ್ನ ಸೊಕ್ಕು —

"ನನ್ನ ಕೊಂಡಿ ಇವತ್ತಿನ ತನಕ ಬಿಚ್ಚಿಲ್ರಿ. ಏನ್ ಮಾಡೂದು... ಹುಡುಗಿ ನಸೀಬ."

ಬ್ಲೇಡಿಗಿಂತ ಹರಿತವಾದದ್ದು ಆ ಮಾತು. ನೇಯ್ದವಳೇ ಅಂದ ಮೇಲೆ ಇನ್ನೇನು? ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ. ಬರೆ ಎಳೆದವಳು ನಾನು, ಹೊತ್ತವಳು ಗಂಗವ್ವ. ಗಂಡನ ಮನೆಯಲ್ಲಿ ಹಾಲು ಒಡೆದರೂ ಅವಳ ಕಾಲ್ಗುಣ, ಅಂಗಡಿಯಲ್ಲಿ ಗಿರಾಕಿ ಕಡಿಮೆಯಾದರೂ ಅವಳ ಕಾಲ್ಗುಣ. ಹಬ್ಬದಲ್ಲಿ ಆರತಿ ತಟ್ಟೆ ಅವಳ ಕೈಗೆ ಬರುವುದಿಲ್ಲ. ಗಂಗವ್ವ ಒಮ್ಮೆಯೂ ಎದುರಾಡಲಿಲ್ಲ. ಎಂಥ ಸಮಾಧಾನದ ಹೆಣ್ಣುಮಗಳು, ಯಾರ ಮೇಲೂ ಸಿಟ್ಟಿಲ್ಲ ಎಂದು ಜನ ಹೊಗಳುತ್ತಾರೆ. ಸಿಟ್ಟು ಹೇಗೆ ಬಂದೀತು? ತಪ್ಪೆಲ್ಲ ತನ್ನ ಕೈಯಲ್ಲೇ ಇದೆ ಎಂದು ಅವಳು ನಂಬಿಬಿಟ್ಟಿದ್ದಳು.

ಸೇಡು ತೀರಿದರೆ ಎದೆ ಹಗುರಾಗುತ್ತದೆ ಎನ್ನುವವರ ಬಾಯಿಗೆ ಮಣ್ಣು ಹಾಕಬೇಕು. ನನಗೆ ಒಂದು ದಿನವೂ ಹಗುರಾಗಲಿಲ್ಲ. ಅಕ್ಕ ತೀರಿಕೊಂಡು ನಾಲ್ಕು ವರ್ಷವಾಯಿತು. ಅವಳಿಗೂ ಹೇಳಲಿಲ್ಲ.

ಹೋದ ತಿಂಗಳು ಗಂಗವ್ವನ ಮಗಳ ಕುಬುಸವಿತ್ತು, ಕೆರೂರಿನಲ್ಲಿ. ಬಸುರಿಗೆ ಉಡಿ ತುಂಬುತ್ತಿದ್ದರು. ಹುಡುಗಿ "ಅವ್ವಾ, ಬಾ" ಎಂದು ಕರೆದಳು. ಗಂಗವ್ವ ಗೋಡೆಗೆ ಆತು ನಿಂತವಳು ಮುಂದೆ ಬರದೆ, ಚಿಗವ್ವನಾದ ನನ್ನ ಕಡೆ ಕೈ ತೋರಿಸಿದಳು.

"ನನ್ನ ಕೈ ಛಲೋ ಅಲ್ಲವಾ. ಚಿಗವ್ವನ ಕೈಲೇ ತುಂಬಿಸ್ಕೋ. ಆಕಿ ಕೈ ಭಾಳ ಛಲೋ."

ಹೆತ್ತ ಮಗಳಿಗೆ! ಯಾರೂ ಅವಳನ್ನು ತಡೆದಿರಲಿಲ್ಲ. ತಾನೇ ತನ್ನನ್ನು ತಡೆದುಕೊಂಡಳು. ನಾನು ಅಕ್ಕಿ, ಕೊಬ್ಬರಿ, ಉತ್ತುತ್ತಿ ತುಂಬಿದೆ. ಆ ಹುಡುಗಿಯ ಮುಖ ನೋಡಲಾಗಲಿಲ್ಲ.

ಒಳಗೆ ಇನ್ನೂ ಉಡಿ ತುಂಬುತ್ತಿದ್ದರು; ಹಿತ್ತಲಿನಲ್ಲಿ ಗಂಗವ್ವ ಪಾತ್ರೆ ತೊಳೆಯುತ್ತಿದ್ದಾಗ ಹೇಳಿಬಿಟ್ಟೆ. ಬ್ಲೇಡು, ಗಂಜಿ, ಅಕ್ಕನ ಮಾತು, ನನ್ನ ಮಾತು, ಎಲ್ಲ. ಬೈಯಲಿ, ಹೊಡೆಯಲಿ ಎಂದು ನಿಂತೆ. ಅವಳು ಒದ್ದೆ ಕೈಗಳನ್ನೇ ನೋಡುತ್ತ ಕೇಳಿದ್ದು ಒಂದೇ:

"ಹಂಗಾದ್ರ ನನ್ನ ಕೈಯಾಗ ಏನೂ ದೋಷ ಇಲ್ಲೇನು ಚಿಗವ್ವ?"

"ಇಲ್ಲವಾ" ಎಂದೆ.

ಕೈ ಒರೆಸಿಕೊಂಡು ಸರಸರ ಒಳಗೆ ಹೋದಳು. ಉಡಿಯ ತಾಟು ಎತ್ತಿಕೊಂಡು ಮಗಳ ಮುಂದೆ ನಿಂತಳು. ಗಂಗವ್ವನ ಅತ್ತೆ, "ಏ, ನಿನಗ ಬುದ್ಧಿ ಐತೇನು? ಇಡು ಕೆಳಗ" ಎಂದು ಗದರಿಸಿದಳು. ಗಂಗವ್ವ ನನ್ನ ಕಡೆ ನೋಡಿದಳು. ಹೇಳು ಎಂದು ನೋಡಿದಳು. ಕೋಣೆಯ ತುಂಬ ಹೆಂಗಸರು. ನಾನು — ಅರವತ್ತೇಳು ವರ್ಷದ ಮುದುಕಿ, ಇನ್ನೇನು ಉಳಿದಿದೆ ಕಳೆದುಕೊಳ್ಳಲು? — ಬಾಯಿ ತೆರೆಯಲಿಲ್ಲ. ಅವಳು ತುಸು ಹೊತ್ತು ಕಾದಳು. ಆಮೇಲೆ ತಾಟು ಕೆಳಗಿಟ್ಟಳು.

ಆ ದಿನದಿಂದ ನನ್ನ ಫೋನು ಎತ್ತಿಲ್ಲ. ಸರಿಯಾಗಿಯೇ ಮಾಡಿದ್ದಾಳೆ. ನನ್ನನ್ನು ಕ್ಷಮಿಸು ಎಂದು ಕೇಳಲು ಬರೆಯುತ್ತಿಲ್ಲ. ಅವಳಿಗೆ ಸಿಟ್ಟು ಬರಲಿ, ಇಷ್ಟು ವರ್ಷದ ಸಿಟ್ಟೂ ಸೇರಿ ಬರಲಿ, ಬೈದು ಮುಗಿಸಲಿ. ನನ್ನ ಹಾಗೆ ಒಳಗಿಟ್ಟು ಸಾಕುವುದು ಬೇಡ.

ನಾಳೆ ಬೆಳಗಿನ ಬಸ್ಸಿಗೆ ಕೆರೂರಿಗೆ ಹೋಗುತ್ತೇನೆ. ಗಂಗವ್ವನ ಅತ್ತೆಯ ಮುಂದೆ ಕುಳಿತು ಇದನ್ನು ಮೊದಲಿನಿಂದ ಕಡೆತನಕ ಓದುತ್ತೇನೆ. ಒಳಗೆ ಕರೆಯದಿದ್ದರೆ ಕಟ್ಟೆಯ ಮೇಲೆ ನಿಂತು ಓದುತ್ತೇನೆ, ಇಡೀ ಓಣಿಗೆ ಕೇಳುವ ಹಾಗೆ.