ಹುಳದ ಮನೆಗೆ ಬಂದ ಮಹಾರಾಜರು

ಕನಕಪುರದಿಂದ ಕೋಡಿಹಳ್ಳಿಗೆ ಹೋಗುವ ದಾರಿಯಲ್ಲಿ, ರಸ್ತೆಯಿಂದ ಒಸಿ ಒಳಗೆ, ಒಂದು ಹಳೆಯ ತೋಟದ ಬಂಗಲೆ ಇದೆ. ರೇಷ್ಮೆಯಿಂದ ಚೆನ್ನಾಗಿ ಸಂಪಾದಿಸಿದ ಒಬ್ಬ ಜಮೀನುದಾರರು ಕಟ್ಟಿಸಿದ್ದು. ನಮ್ಮವ್ವ ಅಲ್ಲಿ ಹದಿನೆಂಟು ವರ್ಷ ರೇಷ್ಮೆ ಹುಳು ಮೇಯಿಸಿದಳು. ನಾನು ಓದಿದ್ದು ಆ ಕೂಲಿಯಲ್ಲೇ. ಮುಂದೆ ಹೈಸ್ಕೂಲಿನಲ್ಲಿ ಇತಿಹಾಸ ಪಾಠ ಹೇಳಿ ನಿವೃತ್ತಳಾದೆ.

ಎರಡು ವರ್ಷದ ಹಿಂದೆ ಆ ಬಂಗಲೆಯನ್ನು ಬೆಂಗಳೂರಿನ ಒಬ್ಬರು ಕೊಂಡರು. ಪಾಳುಬಿದ್ದದ್ದನ್ನು ಮೊದಲಿನಂತೆ ಮಾಡಿ ಹೆರಿಟೇಜ್ ರೆಸಾರ್ಟ್ ತೆರೆಯುತ್ತಾರಂತೆ. ಗೇಟಿನ ಬಳಿ ಹಾಕುವ ಫಲಕಕ್ಕೆ ಇತಿಹಾಸ ಬರೆದುಕೊಡಿ ಎಂದು ನನಗೆ ಫೋನು ಬಂತು. ಅದುವರೆಗೆ ಇತಿಹಾಸ ಕೇಳಿ ಯಾರೂ ನನಗೆ ಫೋನು ಮಾಡಿರಲಿಲ್ಲ. ಉಬ್ಬಿಹೋಗಿ ಮರುದಿನವೇ ಹೋದೆ.

ಮೊದಲಿನಂತೆ ಮಾಡುವ ಕೆಲಸ ಭರದಿಂದ ಸಾಗಿತ್ತು. ಮೊದಲು ಅಲ್ಲಿದ್ದ ಹಿಪ್ಪುನೇರಳೆ ತೋಟವನ್ನು ಜೆಸಿಬಿ ಬುಡಸಮೇತ ಕಿತ್ತು ಗುಡ್ಡೆ ಹಾಕಿತ್ತು. ಆ ಜಾಗದಲ್ಲಿ ಚಾಪೆಯಂತೆ ಸುತ್ತಿ ತಂದ ಹುಲ್ಲು ಹಾಸುತ್ತಿದ್ದರು. ಲಾರಿಯಲ್ಲಿ ಬಂದಿಳಿದ ಪಾಮ್ ಗಿಡಗಳು ಬೇರಿಗೆ ಗೋಣಿ ಸುತ್ತಿಸಿಕೊಂಡು ಸಾಲಾಗಿ ಒರಗಿದ್ದವು. ಗೋಡೆಯ ಹಳೇ ಗಾರೆ ಕೆರೆದು ಸಿಮೆಂಟು ಮೆತ್ತಿ, ಅದು ಹಳೆಯದಾಗಿ ಕಾಣಲೆಂದು ಮೇಲೆ ಕಂದು ಬಣ್ಣ ಬಳಿಯುತ್ತಿದ್ದರು.

ವಾಸ್ತುಶಿಲ್ಪಿ ನನ್ನನ್ನು ಒಳಗಿನ ಉದ್ದನೆಯ ಕೋಣೆಗೆ ಕರೆದುಕೊಂಡು ಹೋದ. "ಇದು ದರ್ಬಾರ್ ಹಾಲ್ ಮೇಡಂ" ಎಂದ. ನೆಲದಲ್ಲಿ ಅಲ್ಲಲ್ಲಿ ಕಲ್ಲಿನ ಸಣ್ಣ ಬಟ್ಟಲುಗಳಿದ್ದವು. ರಾಣಿಯರು ಅವುಗಳಲ್ಲಿ ಗುಲಾಬಿ ಎಸಳು ತೇಲಿಬಿಡುತ್ತಿದ್ದರಂತೆ. ಆ ಕೋಣೆ ಏನೆಂದು ನನಗೆ ಗೊತ್ತಿತ್ತು. ಶಾಲೆ ಬಿಟ್ಟ ಮೇಲೆ ಅದರ ಬಾಗಿಲಲ್ಲೇ ಅವ್ವನಿಗಾಗಿ ಕಾಯುತ್ತಿದ್ದೆ.

"ಇದು ಹುಳ ಮೇಯಿಸುತ್ತಿದ್ದ ಮನೆ" ಎಂದೆ.

ಹಿಂದೆಯೇ ಬಂದಿದ್ದ ಮಾಲೀಕರು ನಕ್ಕರು. "ಹುಳದ ಮನೇಲಿ ಮಲಗೋಕೆ ಯಾರು ಬರ್ತಾರೆ ಮೇಡಂ? ಒಬ್ಬ ರಾಜ ಇರ್ಲಿ."

ಆಗಲೇ ಹೊರಟು ಬರಬೇಕಿತ್ತು. ಬರಲಿಲ್ಲ. ಅವರು ತರಿಸಿಕೊಟ್ಟ ಕಾಫಿ ಕುಡಿದು, "ಮಹಾರಾಜರು ಬೇಟೆಗೆ ಬಂದಾಗ ಇಲ್ಲಿ ತಂಗುತ್ತಿದ್ದರೆಂಬ ಪ್ರತೀತಿ ಇದೆ" ಎಂದು ಬರೆದುಕೊಟ್ಟೆ. ಆ ಪ್ರತೀತಿ ಹುಟ್ಟಿದ್ದು ಅದೇ ಮಧ್ಯಾಹ್ನ, ನನ್ನ ಪೆನ್ನಿನಲ್ಲಿ. ಮೂವತ್ತು ವರ್ಷ ಮಕ್ಕಳಿಗೆ ಆಧಾರ ಎಲ್ಲಿ, ಆಧಾರ ಎಲ್ಲಿ ಎಂದು ಕೆಂಪು ಮಸಿಯಲ್ಲಿ ಗೀಚಿದವಳು ನಾನು.

ಉದ್ಘಾಟನೆಗೆ ಅವ್ವನನ್ನೂ ಕರೆದುಕೊಂಡು ಹೋದೆ. ಎಂಬತ್ತು ದಾಟಿದ್ದರೂ ಅವಳ ಕಣ್ಣು, ಬಾಯಿ ಎರಡೂ ಚುರುಕು. ಮಾಲೀಕರು ಮೈಕಿನಲ್ಲಿ ಮಹಾರಾಜರ ಬೇಟೆಯನ್ನು ಬಣ್ಣಿಸಿ, "ಇದು ಮೇಡಂ ಅವರ ಸಂಶೋಧನೆ" ಎಂದು ನನ್ನ ಕಡೆ ಕೈ ತೋರಿಸಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಕೈ ಮುಗಿದೆ.

ಆಮೇಲೆ ಅತಿಥಿಗಳೆಲ್ಲ ಬೂಟು ಹಾಕಿಕೊಂಡೇ ದರ್ಬಾರ್ ಹಾಲಿಗೆ ನುಗ್ಗಿದರು. ಅವ್ವ ಮಾತ್ರ ಚಪ್ಪಲಿ ಹೊರಗೆ ಬಿಟ್ಟು, ಸೆರಗಿಗೆ ಕೈ ಒರೆಸಿಕೊಂಡು ಒಳಗೆ ಬಂದಳು. ಕಲ್ಲಿನ ಬಟ್ಟಲುಗಳಲ್ಲಿ ಗುಲಾಬಿ ಎಸಳೂ ಮೇಣದ ದೀಪವೂ ತೇಲುತ್ತಿದ್ದವು.

"ಇದ್ಯಾಕ್ರಪ್ಪ ಇದ್ರೊಳಕ್ಕೆ ಹೂವ ಹಾಕಿದ್ದೀರಿ?" ಎಂದು ಗಟ್ಟಿಯಾಗಿ ಕೇಳಿದಳು. "ಹುಳದ ತಟ್ಟೆ ಜೋಡಿಸೋ ಸ್ಟ್ಯಾಂಡಿನ ಕಾಲು ಮಡಗೋಕೆ ಕಣಪ್ಪ ಇದು. ನೀರು ತುಂಬುದ್ರೆ ಇರುವೆ ಹತ್ತಕ್ಕಿಲ್ಲ, ಹುಳಾನ ತಿನ್ನಕ್ಕಿಲ್ಲ."

ವಾಸ್ತುಶಿಲ್ಪಿ ತನ್ನ ಫೋನು ನೋಡತೊಡಗಿದ. ಒಬ್ಬ ಹೆಂಗಸು ಹತ್ತಿರ ಬಂದು, "ನೀವು ಇಲ್ಲಿ ಕೆಲಸ ಮಾಡ್ತಿದ್ರಾ ಅಜ್ಜಿ?" ಎಂದಳು. ಅಷ್ಟು ಸಾಕಾಯಿತು.

"ಒಂದಿನ ಯಜಮಾನ್ರೇ ಬಂದ್ರು. ಜೇಬಲ್ಲಿ ನಶ್ಯದ ಡಬ್ಬಿ. ಹೊಗೆಸೊಪ್ಪು ಸೋಕುದ್ರೆ ಹುಳ ಸತ್ತೋಯ್ತವೆ. 'ಬುದ್ದೀ, ಒಳಕ್ಕೆ ಬರ್ಬ್ಯಾಡಿ' ಅಂದ್ಬುಟ್ಟು ಬಾಗ್ಲಿಗೆ ಅಡ್ಡ ನಿಂತ್ಕಂಡೆ. ನಂಗಿನ್ನೂ ಇಪ್ಪತ್ತು ತುಂಬಿರ್ಲಿಲ್ಲ. ಕೆಲ್ಸ ಹೋಯ್ತು ಅಂದ್ಕಂಡೆ."

"ಆಮೇಲೆ?"

"ಆಮೇಲೇನು, ಬಾವಿತಾವ್ಕೆ ಹೋಗಿ ಕೈಕಾಲು ತೊಳ್ಕಂಡು, ಅಂಗಿ ಬಿಚ್ಚಾಕಿ ಬಂದ್ರು. ಅವ್ರ ಮನೆ, ಅವ್ರ ಹುಳ. ಬಾಗ್ಲು ಮಾತ್ರ ನಂದು."

ಜನ ಅವಳ ಸುತ್ತ ನೆರೆದರು. ಮಹಾರಾಜರ ಕಥೆಗೆ ಚಪ್ಪಾಳೆ ಮಾತ್ರ ಬಿದ್ದಿತ್ತು. ಇವಳ ಕಥೆಗೆ ಪ್ರಶ್ನೆಗಳು ಬಿದ್ದವು. ಮಾಲೀಕರ ಮುಖ ಅರಳಿದ್ದು ಆಗ. ನೇರ ಅವಳ ಬಳಿ ಬಂದು, "ಅಜ್ಜೀ, ಶನಿವಾರ ಭಾನುವಾರ ಒಳ್ಳೇ ಇಳಕಲ್ ಸೀರೆ ಉಟ್ಕೊಂಡು ಇಲ್ಲಿ ಕೂತ್ಕೊಳ್ತೀರಾ? ಗೆಸ್ಟ್‌ಗಳಿಗೆ ಇದನ್ನೇ ಹೇಳಿದ್ರಾಯ್ತು. ಕಾರು ಕಳಿಸ್ತೀನಿ" ಎಂದರು. ಇಳಕಲ್ ಸೀರೆ, ಕನಕಪುರದ ಹೆಂಗಸಿಗೆ.

ಅವ್ವ ಅವರನ್ನು ಮೇಲಿಂದ ಕೆಳಗೆ ನೋಡಿದಳು. "ನಾನೇನು ಚನ್ನಪಟ್ಟಣದ ಬೊಂಬೆನಾ, ಬಂದೋರ್ಗೆಲ್ಲ ತೋರ್ಸೋಕೆ? ತೋಟಾನೇ ಕಿತ್ತಾಕ್ಬುಟ್ಟು ಹುಳದ ಕತೆ ಕೇಳ್ತೀಯಲ್ಲಪ್ಪ!"

ಊಟಕ್ಕೆ ನಿಲ್ಲದೆ ಹೊರಟೆವು. ಬಸ್ಸಿನಲ್ಲಿ ಕೂತ ಮೇಲೆ ಕೇಳಿದಳು: "ಯಾವ ಮಾರಾಜ್ರು ಬಂದಿದ್ರಂತೆ? ನಾನಂತೂ ಕಾಣೆ."

"ಯಾರೂ ಬಂದಿರಲಿಲ್ಲವ್ವ."

"ಮತ್ತೆ ನೀನೇ ಬರ್ದಿದ್ದು ಅಂದ್ರಲ್ಲ?"

ನಾನು ಕಿಟಕಿಯ ಕಡೆ ತಿರುಗಿದೆ. ಕನಕಪುರದ ಬಸ್ ಸ್ಟ್ಯಾಂಡ್ ಬಂತು. ಇಳಿಯುವಾಗ ನನ್ನ ಭುಜ ಹಿಡಿದುಕೊಂಡು, "ಇದಕ್ಕಾ ನಿನ್ನ ಓದ್ಸಿದ್ದು?" ಎಂದಳು.

ಮರುದಿನ ಆ ಸಾಲು ತೆಗೆಯಿರಿ ಎಂದು ಫೋನು ಮಾಡಿದೆ. "ಪ್ರಿಂಟ್ ಆಗೋಗಿದೆ ಮೇಡಂ" ಎಂದರು. ಮೂರು ಸಲ ಹೋಗಿ ಜಗಳವಾಡಿದ ಮೇಲೆ ಫಲಕದ ಕೆಳಗಿದ್ದ ನನ್ನ ಹೆಸರಿನ ಮೇಲೆ ಬಣ್ಣ ಬಳಿಸಿದರು. ಮಹಾರಾಜರು ಹಾಗೇ ಇದ್ದಾರೆ. ಹೋದ ತಿಂಗಳು ಒಬ್ಬ ಹಳೇ ವಿದ್ಯಾರ್ಥಿ ಸಿಕ್ಕಿ, ಆ ಬಂಗಲೆಯ ರಾಜರ ವಿಷಯ ತನ್ನ ಲೇಖನದಲ್ಲಿ ಸೇರಿಸಿದ್ದಾಗಿ ಹೆಮ್ಮೆಯಿಂದ ಹೇಳಿದ. ಆಧಾರ ಎಲ್ಲಿ ಎಂದು ಕೇಳುವ ಧೈರ್ಯ ನನಗಾಗಲಿಲ್ಲ.