ಭಟ್ಟರ ಮೂಗು

ಮೊನ್ನೆ ಮುಂಬೈ ಪಕ್ಕದ ಠಾಣೆ ಊರಿನ ಹೋಟೆಲೊಂದರಲ್ಲಿ ಸಾರಿನ ಬಟ್ಟಲಿನಿಂದ ಇಂಗಿನ ಘಮ ಎದ್ದಾಗ ಡೊಂಬಿವಲಿಯ ಅಡುಗೆ ಭಟ್ಟರು ನೆನಪಾದರು. ಹಳೆಯ ಬಿಲ್ಡಿಂಗಿನಲ್ಲಿ ಅವರದು ನಮ್ಮ ಕೆಳಗಿನ ಮನೆ.

ಉಡುಪಿ ಕಡೆಯವರು, ಒಂಟಿ. ಪೂಜೆ, ಮದುವೆಗಳ ಅಡುಗೆಯೇ ಜೀವನ. ನೈವೇದ್ಯಕ್ಕೆ ಮೊದಲು ರುಚಿ ನೋಡುವಂತಿಲ್ಲ, ಮೂಸುವುದೂ ತಪ್ಪು. ತಾನಾಗಿ ಮೂಗಿಗೆ ಬಂದದ್ದಕ್ಕೆ ಮಾತ್ರ ದೋಷವಿಲ್ಲ ಎಂದು ಪಾತ್ರೆಯಿಂದ ಮಾರು ದೂರ ನಿಂತು ಹದ ಹೇಳುತ್ತಿದ್ದರು. ನಾನಾಗ ಕೆಮಿಸ್ಟ್ರಿ ಎಂ.ಎಸ್‌ಸಿ. ಓದುತ್ತಿದ್ದೆ.

"ಉಪ್ಪಿಗೆ ವಾಸನೆಯೇ ಇಲ್ಲ ಭಟ್ರೇ."

"ಉಪ್ಪಿಗಿಲ್ಲ ಮಾರಾಯ. ಉಪ್ಪು ಬಿದ್ದ ಸಾರಿಗೆ ಉಂಟು."

ಸಂಜೆಯಾದರೆ ಬಿಲ್ಡಿಂಗಿನ ಹಿಂಬದಿಯ ಕಾರ್ಖಾನೆಗಳಿಂದ ಗ್ಯಾಸ್ ಬರುತ್ತಿತ್ತು. ಕೊಳೆತ ಮೊಟ್ಟೆಯ ವಾಸನೆಯೋ, ಕ್ಲೋರಿನ್ನೋ... ಈಗ ಹೇಳಲಾರೆ. ಕಣ್ಣು ಉರಿಯುತ್ತಿದ್ದದ್ದು ನಿಜ.

ಒಂದು ಸತ್ಯನಾರಾಯಣ ಪೂಜೆಯಲ್ಲಿ ಪ್ರಸಾದದ ರವೆ ಸೀದು ಹಾಲ್ ತುಂಬ ಕಮಟು ವಾಸನೆ. ಭಟ್ಟರು ಮಾತ್ರ ನೆಮ್ಮದಿಯಾಗಿ ಸೌಟು ಆಡಿಸುತ್ತಿದ್ದರು. ಪಕ್ಕದ ಮರಾಠಿ ಕಾಕಾ ನಕ್ಕರು: "ಕಾಯ್ ಭಟ್‌ಜಿ, ಆಜ್ ಪ್ರಸಾದ್ ತಂದೂರಿ ಕಾ?" ಭಟ್ಟರು ನಗಲಿಲ್ಲ. ಅವರ ಮೂಗು ಸತ್ತಿತ್ತು.

"ಇನ್ನು ರುಚಿ ನೋಡಿಯೇ ಮಾಡಿ" ಎಂದಳು ಅಮ್ಮ.

"ದೇವರಿಗೆ ಎಂಜಲು ಇಡ್ಲಿಕ್ಕೆ ಆಗ್ತದಾ ಅಮ್ಮ?" ಎಂದವರು ಬಂದ ಕೆಲಸಗಳನ್ನೆಲ್ಲ ಬೇರೆಯವರಿಗೆ ಬಿಟ್ಟುಕೊಟ್ಟರು.

ತಂದೂರಿ ಎಂದಿದ್ದ ಕಾಕಾನೇ ಬಿಲ್ಡಿಂಗಿನವರನ್ನು ಕಟ್ಟಿಕೊಂಡು ಮಾಲಿನ್ಯದ ಆಫೀಸಿಗೆ ಅಲೆದರು. ಭಟ್ಟರನ್ನೂ ಎಳೆದೊಯ್ದು, "ಇವರ ಮೂಗು ವಾಪಸ್ ಕೊಡಿ" ಎಂದು ಸಾಹೇಬರ ಮುಂದೆ ಕೂರಿಸುತ್ತಿದ್ದರಂತೆ. ಬಹಳ ಸಲ ಹೋದ ಮೇಲೆ ಒಂದು ಕಾರ್ಖಾನೆ ಚಿಮಣಿಗೆ ಏನೋ ಯಂತ್ರ ಕೂರಿಸಿತು. ಸಂಜೆಯ ಉರಿ ಕಡಿಮೆಯಾಯಿತು. ಯಂತ್ರದಿಂದಲೋ, ಮಳೆಗಾಲ ಬಂದದ್ದರಿಂದಲೋ, ನನಗೆ ಇಂದಿಗೂ ಅನುಮಾನ.

ಆಮೇಲೊಂದು ಬೆಳಿಗ್ಗೆ ಕೆಳಗಿನಿಂದ ಕೂಗು: "ಅಮ್ಮಾ, ನಿಮ್ಮ ಹಾಲು ಉಕ್ಕಿ ಸೀದು ಹೋಗ್ತಾ ಉಂಟು!"

ಅಮ್ಮ ಒಲೆಯ ಕಡೆ ಓಡಲಿಲ್ಲ, ಮೆಟ್ಟಿಲ ಕಡೆ ಓಡಿದಳು. "ಬಂತಾ ಭಟ್ರೇ? ವಾಸನೆ ಬಂತಾ?" ಹಾಲು ಪೂರ್ತಿ ಹೋಯಿತು. ಕೆಳಗೆ ಅವರು ಮುಖ ಮುಚ್ಚಿಕೊಂಡು ಕೂತಿದ್ದನ್ನು ನಾನು ನೋಡಿದೆ. "ನೀನು ಅವತ್ತು ಮನೆಯಲ್ಲೇ ಇರಲಿಲ್ಲ" ಎನ್ನುತ್ತಾಳೆ ಅಮ್ಮ. ಇರಬಹುದು...

ಕೇಳೋಣವೆಂದರೆ ಭಟ್ಟರು ಈಗಿಲ್ಲ. ಡೊಂಬಿವಲಿಯ ಗಾಳಿ ಪೂರ್ತಿ ಶುದ್ಧವಾಗಿಯೂ ಇಲ್ಲ. ಆದರೆ ವಾಸನೆ ಎದ್ದ ದಿನ ಜನ ಈಗ ಸುಮ್ಮನಿರುವುದಿಲ್ಲ, ಆಫೀಸಿಗೆ ಫೋನ್ ಮಾಡುತ್ತಾರೆ. ಒಂದನ್ನು ಮಾತ್ರ ನಾನು ಸಂಶಯಿಸಲಾರೆ. ಹಾಲು ಸೀದ ಆ ಬೆಳಿಗ್ಗೆಯಾಗಿ ಕೆಲವು ವರ್ಷಗಳ ಮೇಲೆ ನನ್ನ ಮದುವೆಯ ಅಡುಗೆ ಅವರದೇ. ಮಾರು ದೂರ ನಿಂತು, ಕಣ್ಣು ಮುಚ್ಚಿ, "ಇನ್ನೊಂದು ಚೂರು ಹುಳಿ" ಎಂದಿದ್ದರು. ಸರಿಯಾಗಿತ್ತು.